ಭಾರತದಿಂದ ಇಸ್ರೇಲಿಗೆ ಹೋಗುವ ಯೆಹೂದಿ ಕುಟುಂಬಗಳಿಗೆ: ಮಕ್ಕಳ ಶಾಲೆ ಸೇರ್ಪಡೆಯಿಂದ ಬಗ್ರುತ್ ಎಂಬ ಶಾಲಾಂತ್ಯ ಪರೀಕ್ಷೆಯವರೆಗೆ

ಮುಂಬೈ, ಠಾಣೆ, ಪುಣೆಯ ಬೆನೆ ಇಸ್ರೇಲ್ ಕುಟುಂಬಗಳು, ಮಣಿಪುರ–ಮಿಜೋರಾಂನ ಬ್ನೇ ಮೆನಶೆ ಕುಟುಂಬಗಳು, ಬೆಂಗಳೂರಿನಲ್ಲಿರುವ ಬೆರಳೆಣಿಕೆಯ ಮನೆಗಳು ಇಸ್ರೇಲಿಗೆ ಹೊರಟಾಗ ಮನೆ, ಕೆಲಸ, ಬ್ಯಾಂಕ್ ಖಾತೆ ಎಲ್ಲವೂ ಹೇಗೋ ಒಂದು ದಾರಿಗೆ ಬರುತ್ತವೆ. ಮಕ್ಕಳ ಶಾಲೆಯ ವಿಷಯ ಹಾಗಲ್ಲ. ಮೊದಲ ಕೆಲವು ತಿಂಗಳಲ್ಲಿ ಆದ ತಪ್ಪು ಮಗುವಿನ ಹಿಂದೆಯೇ ಮೂರು ನಾಲ್ಕು ವರ್ಷ ಬರುತ್ತದೆ. ಅದರಲ್ಲಿ ದೊಡ್ಡದು ಒಂದೇ: ಹೀಬ್ರೂ ಬಾರದ ಮಗುವನ್ನು ಓದು ಬಾರದ ಮಗು ಎಂದು ಶಾಲೆ ಎಣಿಸುವುದು, ಅಪ್ಪ ಅಮ್ಮನೂ ಅದನ್ನೇ ನಂಬಿಬಿಡುವುದು. ಕೆಳಗಿನ ಹೆಜ್ಜೆಗಳೆಲ್ಲ ಅದನ್ನು ತಪ್ಪಿಸುವುದಕ್ಕೇ ಇವೆ.

ಯಾವಾಗ ಹೋಗಬೇಕು, ಯಾವ ತರಗತಿ ಸಿಗುತ್ತದೆ

ಇಸ್ರೇಲಿನ ಶಾಲಾ ವರ್ಷ ಸೆಪ್ಟೆಂಬರ್ 1ಕ್ಕೆ ಶುರು. ಶಿಶುವಿಹಾರ ಮತ್ತು ಪ್ರಾಥಮಿಕ ಶಾಲೆ ಜೂನ್ 30ಕ್ಕೆ ಮುಗಿಯುತ್ತವೆ, ಮೇಲಿನ ತರಗತಿಗಳು ಜೂನ್ 20ಕ್ಕೆ. ವಾರ ಭಾನುವಾರ ಆರಂಭವಾಗುತ್ತದೆ. ಶುಕ್ರವಾರ ಪ್ರಾಥಮಿಕ ಶಾಲೆ ಮಧ್ಯಾಹ್ನದೊಳಗೆ ಬಿಡುತ್ತದೆ, ಮೇಲಿನ ತರಗತಿಗಳಿಗೆ ಹಲವೆಡೆ ಅಂದು ರಜೆ. ಶನಿವಾರ ಶಬ್ಬಾತ್, ಯೆಹೂದಿಗಳ ವಿಶ್ರಾಂತಿಯ ದಿನ.

ತರಗತಿಯನ್ನು ಜನನದ ಇಸವಿ ನೋಡಿ ನಿಗದಿ ಮಾಡುತ್ತಾರೆ. ಜನವರಿ 1ರಿಂದ ಡಿಸೆಂಬರ್ 31ರವರೆಗೆ ಹುಟ್ಟಿದವರೆಲ್ಲ ಒಂದೇ ತರಗತಿ. ಲೆಕ್ಕ ಸುಲಭ: ಸೆಪ್ಟೆಂಬರ್ ಬರುವ ಇಸವಿಯಿಂದ ಮಗು ಹುಟ್ಟಿದ ಇಸವಿ ಕಳೆಯಿರಿ, ಅದರಿಂದ 5 ಕಳೆಯಿರಿ. 2018ರಲ್ಲಿ ಹುಟ್ಟಿದ ಮಗು 2026ರ ಸೆಪ್ಟೆಂಬರ್‌ಗೆ ಮೂರನೇ ತರಗತಿ.

ಕರ್ನಾಟಕದ ಮಕ್ಕಳಿಗೆ ಇಲ್ಲಿ ಒಂದು ತೊಡಕಿದೆ. ನಮ್ಮಲ್ಲಿ ಜೂನ್ 1ಕ್ಕೆ 6 ತುಂಬಿದೆಯೇ ಎಂದು ನೋಡುತ್ತಾರೆ. ಹೀಗಾಗಿ ಜನವರಿಯಿಂದ ಮೇ ಒಳಗೆ ಹುಟ್ಟಿದ ಮಗುವಿಗೆ ಎರಡೂ ಕಡೆ ತರಗತಿ ಹೊಂದುತ್ತದೆ. ಜೂನ್–ಡಿಸೆಂಬರ್‌ನಲ್ಲಿ ಹುಟ್ಟಿದ ಮಗು ಅಲ್ಲಿ ಒಂದು ತರಗತಿ ಮುಂದೆ ಕೂರುತ್ತದೆ. ಯುಕೆಜಿ ಮುಗಿಸದ ಮಗು ನೇರ ಒಂದನೇ ತರಗತಿಗೆ ಹೋಗಬಹುದು, ಒಂದನೇ ತರಗತಿ ಮುಗಿಸಿದ್ದು ಮೂರಕ್ಕೆ ಹೋಗಬೇಕಾಗಬಹುದು. ಟಿಕೆಟ್ ತೆಗೆಯುವ ಮುನ್ನವೇ ಈ ಲೆಕ್ಕ ಹಾಕಿಕೊಂಡರೆ ನೋಂದಣಿ ಕೌಂಟರಿನಲ್ಲಿ ಗಾಬರಿಯಾಗುವುದಿಲ್ಲ.

ಹೊರಡಲು ಒಳ್ಳೆಯ ಕಾಲ ಎರಡು. ಒಂದು, ಇಲ್ಲಿ ಪರೀಕ್ಷೆ ಮುಗಿದು ಏಪ್ರಿಲ್‌ನಲ್ಲಿ. ಪೆಸಖ್ ಹಬ್ಬದ ರಜೆ ಕಳೆದ ಮೇಲೆ ಮೇ–ಜೂನ್ ಎರಡು ತಿಂಗಳು ಮಗು ತರಗತಿಯಲ್ಲಿ ಸುಮ್ಮನೆ ಕೂತು ಕಿವಿ ಹದಗೊಳಿಸಿಕೊಳ್ಳಬಹುದು, ಯಾರೂ ಅಂಕ ಕೇಳುವುದಿಲ್ಲ. ಚಿಕ್ಕ ಮಕ್ಕಳಿಗೆ ಇದೇ ಉತ್ತಮ. ಇನ್ನೊಂದು, ಜುಲೈ ಮೊದಲ ವಾರ. ಬೇಸಿಗೆ ಶಿಬಿರಕ್ಕೆ ಸೇರಿಸಿ ಸೆಪ್ಟೆಂಬರ್‌ಗೆ ತಯಾರು ಮಾಡಬಹುದು. ಆಗಸ್ಟ್ ಕೊನೆಯಲ್ಲಿ ಇಳಿಯುವುದು ಬೇಡ. ಕಚೇರಿಗಳು ಅರ್ಧ ರಜೆಯಲ್ಲಿರುತ್ತವೆ, ಶಾಲೆ ತೆರೆದ ಕೆಲವೇ ವಾರಗಳಲ್ಲಿ ರೋಶ್ ಹಶಾನಾ, ಯೋಮ್ ಕಿಪ್ಪುರ್, ಸುಕ್ಕೋತ್ ಹಬ್ಬಗಳು ಒಂದರ ಹಿಂದೊಂದು ಬರುತ್ತವೆ, ಮಗುವಿಗೆ ಶಾಲೆ ಯಾವುದು ರಜೆ ಯಾವುದು ಎಂದೇ ತಿಳಿಯುವುದಿಲ್ಲ. ಅಲ್ಲಿಯವರ ಬಾಯಲ್ಲಿ ಸದಾ ಇರುವ ‘ಅಖರೇ ಹಾ-ಖಗೀಮ್’, ಅಂದರೆ ‘ಹಬ್ಬ ಕಳೆದ ಮೇಲೆ’ ಎಂಬ ಮಾತು ಇದಕ್ಕೇ.

ಹೊರಡುವ ಮೊದಲು ಕಟ್ಟಿಕೊಳ್ಳುವ ಫೈಲು

ಪ್ರತಿ ಮಗುವಿಗೆ ಬೇರೆ ಫೈಲು ಮಾಡಿ. ಅದರಲ್ಲಿರಬೇಕಾದವು: ಜನನ ಪ್ರಮಾಣಪತ್ರ, ಕಳೆದ ಎರಡು ವರ್ಷದ ಮಾರ್ಕ್ಸ್ ಕಾರ್ಡ್, ಟಿಸಿ, ಲಸಿಕೆ ಕಾರ್ಡು, ಶಾಲೆಯ ಲೆಟರ್‌ಹೆಡ್‌ನಲ್ಲಿ ಟೀಚರ್ ಬರೆದ ಒಂದು ಪುಟದ ಪತ್ರ. ಈ ಕೊನೆಯದನ್ನು ಯಾರೂ ಕೇಳುವುದಿಲ್ಲ, ಆದರೂ ಹೆಚ್ಚು ಕೆಲಸಕ್ಕೆ ಬರುವುದು ಅದೇ. ಮಗು ಗಣಿತದಲ್ಲಿ ಎಲ್ಲಿದೆ, ಯಾವ ಭಾಷೆಯಲ್ಲಿ ನಿರರ್ಗಳ ಓದುತ್ತದೆ, ತರಗತಿಯಲ್ಲಿ ಹೇಗಿರುತ್ತದೆ ಎಂದು ಇಂಗ್ಲಿಷಿನಲ್ಲಿ ಹತ್ತು ಸಾಲು ಸಾಕು. ‘ಈ ಮಗುವಿಗೆ ಏನೂ ಗೊತ್ತಿಲ್ಲ’ ಎಂದು ಯಾರಾದರೂ ಅಂದುಕೊಂಡ ದಿನ ಈ ಕಾಗದವೇ ಮಗುವಿನ ಪರವಾಗಿ ಮಾತಾಡುತ್ತದೆ.

ಜನನ ಪ್ರಮಾಣಪತ್ರಕ್ಕೆ, ದೊಡ್ಡ ಮಕ್ಕಳಾದರೆ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿಗೆ, ಅಪೊಸ್ಟಿಲ್ ಎಂಬ, ಹೊರದೇಶದಲ್ಲಿ ಒಪ್ಪುವ ದೃಢೀಕರಣದ ಮೊಹರು ಹಾಕಿಸಿ. ಭಾರತ, ಇಸ್ರೇಲ್ ಎರಡೂ ಹೇಗ್ ಅಪೊಸ್ಟಿಲ್ ಒಪ್ಪಂದದಲ್ಲಿರುವುದರಿಂದ ಆ ಒಂದು ಮೊಹರು ಸಾಕು. ಮೊದಲು ರಾಜ್ಯ ಮಟ್ಟದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್. ರಾಜ್ಯದ ಹೆಜ್ಜೆಗೇ ಹೆಚ್ಚು ದಿನ ಹಿಡಿಯುತ್ತದೆ, ಎರಡು ತಿಂಗಳು ಮುಂಚೆ ಶುರು ಮಾಡಿ. ಬರೀ ಕನ್ನಡದಲ್ಲಿರುವ ಹಳೆಯ ಪ್ರಮಾಣಪತ್ರವಿದ್ದರೆ ಕನ್ನಡ–ಇಂಗ್ಲಿಷ್ ಎರಡೂ ಇರುವ ಹೊಸ ಪ್ರತಿ ತೆಗೆಸುವುದೇ ಅನುವಾದ ಮಾಡಿಸುವುದಕ್ಕಿಂತ ಸುಲಭ.

ಲಸಿಕೆ ಕಾರ್ಡಿನಲ್ಲಿ ದಿನಾಂಕಗಳು ಓದುವಂತಿರಲಿ. ಇಸ್ರೇಲಿನ ಪಟ್ಟಿಯಲ್ಲಿ ಸಿಡುಬಿನಂಥ ಚಿಕನ್‌ಪಾಕ್ಸ್‌ಗೂ ಹೆಪಟೈಟಿಸ್ ಎಗೂ ಲಸಿಕೆ ಇದೆ. ನಮ್ಮ ಸರ್ಕಾರಿ ಪಟ್ಟಿಯಲ್ಲಿ ಇವೆರಡೂ ಇಲ್ಲದ ಕಾರಣ ಬಹಳಷ್ಟು ಮಕ್ಕಳಿಗೆ ಅಲ್ಲಿ ಹಾಕಿಸಬೇಕಾಗುತ್ತದೆ. 6 ವರ್ಷದೊಳಗಿನವರಿಗೆ ‘ತಿಪತ್ ಖಲಾವ್’ ಎಂಬ ತಾಯಿ–ಮಗು ಕೇಂದ್ರ, ಆಮೇಲೆ ಶಾಲೆಯಲ್ಲೇ ನರ್ಸ್ ಬಂದು ಒಂದು, ಎರಡು ಮತ್ತು ಎಂಟನೇ ತರಗತಿಯಲ್ಲಿ ಹಾಕುತ್ತಾರೆ. ಅದಕ್ಕೆ ಮೊದಲು ಮನೆಗೆ ಹೀಬ್ರೂ ಚೀಟಿ ಬರುತ್ತದೆ. ಅದು ಬ್ಯಾಗಿನ ತಳದಲ್ಲಿ ಮುದುಡಿ ಉಳಿಯದ ಹಾಗೆ ದಿನವೂ ಬ್ಯಾಗು ನೋಡಿ.

ಹೆಸರಿನ ವಿಷಯ

ಇನಿಶಿಯಲ್ ಮಾತ್ರ ಇರುವ, ಉಪನಾಮದ ಜಾಗ ಖಾಲಿ ಇರುವ ಪಾಸ್‌ಪೋರ್ಟು ಅಲ್ಲಿ ತೊಂದರೆ ಕೊಡುತ್ತದೆ. ಪ್ರತಿ ಫಾರಂನಲ್ಲೂ ಕುಟುಂಬದ ಹೆಸರು, ಸ್ವಂತ ಹೆಸರು, ತಂದೆಯ ಹೆಸರು ಎಂದು ಮೂರು ಕಲಂ ಇರುತ್ತದೆ. ಕೊಂಕಣದ ಹಳ್ಳಿಗಳ ಹೆಸರಿನಿಂದ ಬಂದ ‘–ಕರ್’ ಉಪನಾಮದ ಬೆನೆ ಇಸ್ರೇಲ್ ಮನೆಗಳಿಗೆ ಈ ಕಷ್ಟ ಕಡಿಮೆ. ಉಳಿದವರು ಹೊರಡುವ ಮುನ್ನವೇ ಪಾಸ್‌ಪೋರ್ಟ್ ಸರಿ ಮಾಡಿಸಿ.

ಇನ್ನೊಂದು, ಹೀಬ್ರೂ ಅಕ್ಷರದಲ್ಲಿ ಹೆಸರು ಬರೆಯುವ ಬಗೆ. ‘ತ’ಕಾರಕ್ಕೆ ತೆತ್ ಎಂದೂ ತಾವ್ ಎಂದೂ ಎರಡು ಅಕ್ಷರ, ‘ಕ’ಕಾರಕ್ಕೆ ಕಾಫ್, ಕೋಫ್ ಎರಡು, ‘ವ’ಕಾರಕ್ಕೂ ವಾವ್, ವೇತ್ ಎರಡು. ಗುರುತಿನ ಚೀಟಿಯಲ್ಲಿ ಒಂದು ಬಗೆ, ಆರೋಗ್ಯ ನಿಧಿಯಲ್ಲಿ ಇನ್ನೊಂದು ಬಗೆ ಆದರೆ ಕಂಪ್ಯೂಟರಿಗೆ ಅದು ಇಬ್ಬರು ಮಕ್ಕಳು. ಒಂದು ಚೀಟಿಯಲ್ಲಿ ಎಲ್ಲರ ಹೆಸರನ್ನೂ ಹೀಬ್ರೂನಲ್ಲಿ ಬರೆಸಿ ಇಟ್ಟುಕೊಂಡು, ಮೊದಲ ದಿನದಿಂದ ಎಲ್ಲ ಕಡೆ ಅದನ್ನೇ ತೋರಿಸಿ. ಹನ್ನೆರಡನೇ ತರಗತಿಯ ಪ್ರಮಾಣಪತ್ರದ ಮೇಲೂ ಕೊನೆಗೆ ಅದೇ ಹೆಸರು ಬರುತ್ತದೆ.

ಯಾವ ಬಗೆಯ ಶಾಲೆ

ನಮ್ಮಲ್ಲಿ ಸರ್ಕಾರಿ, ಅನುದಾನಿತ, ಖಾಸಗಿ ಎಂದು ವಿಂಗಡಣೆ. ಅಲ್ಲಿ ಮೊದಲ ಪ್ರಶ್ನೆ ದುಡ್ಡಿನದ್ದಲ್ಲ, ಧಾರ್ಮಿಕ ಜೀವನದ್ದು. 1953ರ ರಾಜ್ಯ ಶಿಕ್ಷಣ ಕಾಯ್ದೆ ಎರಡು ಸರ್ಕಾರಿ ಧಾರೆಗಳನ್ನು ಮಾಡಿತು: ‘ಮಮ್ಲಖ್ತಿ’, ಅಂದರೆ ಸಾಮಾನ್ಯ ಸರ್ಕಾರಿ ಶಾಲೆ, ಮತ್ತು ‘ಮಮ್ಲಖ್ತಿ–ದತಿ’, ಧಾರ್ಮಿಕ ಸರ್ಕಾರಿ ಶಾಲೆ. ಕಟ್ಟಾ ಸಂಪ್ರದಾಯಸ್ಥರಾದ ಹರೆದಿ ಸಮುದಾಯದ ಶಾಲಾ ಜಾಲಗಳು ಬೇರೆ. ಅರಬ್ಬಿ ಮಾಧ್ಯಮದ ಶಾಲೆಗಳು ಬೇರೆ. 3 ವರ್ಷದಿಂದ ಹನ್ನೆರಡನೇ ತರಗತಿಯವರೆಗೆ ಶಿಕ್ಷಣ ಉಚಿತ. ಧಾರೆಯನ್ನು ಆರಿಸುವ ಹಕ್ಕು ಪೋಷಕರದ್ದು. ನೋಂದಣಿ ಫಾರಂನಲ್ಲಿ ನೀವು ಗುರುತು ಹಾಕದೇ ಬಿಟ್ಟರೆ ಗುಮಾಸ್ತರು ತಮಗೆ ತಿಳಿದಂತೆ ಹಾಕುತ್ತಾರೆ, ಹಾಗೆ ಬಿಡಬೇಡಿ.

ಮಮ್ಲಖ್ತಿಯಲ್ಲಿ ತನಖ್, ಅಂದರೆ ಹೀಬ್ರೂ ಬೈಬಲ್ಲಿನ ಪಾಠ ಇರುತ್ತದೆ, ಹಬ್ಬಗಳ ಆಚರಣೆ ಇರುತ್ತದೆ, ದಿನನಿತ್ಯದ ಪ್ರಾರ್ಥನೆ ಇರುವುದಿಲ್ಲ. ಮಮ್ಲಖ್ತಿ–ದತಿಯಲ್ಲಿ ಬೆಳಗಿನ ಪ್ರಾರ್ಥನೆಯಿಂದ ದಿನ ಶುರು. ಹುಡುಗರಿಗೆ ಕಿಪ್ಪಾ ಎಂಬ ಪುಟ್ಟ ಟೋಪಿ, ಹುಡುಗಿಯರಿಗೆ ಉದ್ದ ಲಂಗ. ಮೇಲಿನ ತರಗತಿಗಳಲ್ಲಿ ಹಲವೆಡೆ ಹುಡುಗ ಹುಡುಗಿಯರಿಗೆ ಪ್ರತ್ಯೇಕ ಕ್ಲಾಸು. ತೋರಾ ಪಾಠದ ಅವಧಿ ಹೆಚ್ಚು, ಹಾಗಾಗಿ ಪೋಷಕರಿಂದ ಕೇಳುವ ಹಣವೂ ಸಾಮಾನ್ಯವಾಗಿ ಹೆಚ್ಚು. ನಡುದಾರಿ ಬೇಕಾದವರು ‘ತಾಲಿ’ ಎಂಬ ಹೆಸರಿನ, ಯೆಹೂದಿ ಅಧ್ಯಯನಕ್ಕೆ ಹೆಚ್ಚು ಒತ್ತು ಕೊಡುವ ಮಮ್ಲಖ್ತಿ ಶಾಲೆ ಊರಿನಲ್ಲಿದೆಯೇ ಎಂದು ವಿಚಾರಿಸಿ.

ಬೆನೆ ಇಸ್ರೇಲ್ ಮನೆಗಳಲ್ಲಿ ಶಬ್ಬಾತ್ ದೀಪ, ಧರ್ಮನಿಯಮದಂತೆ ಮಾಡುವ ಕೋಷರ್ ಅಡುಗೆ, ಸಿನಗಾಗ್ ಎಂಬ ಪ್ರಾರ್ಥನಾಮಂದಿರದ ನಂಟು ಎಲ್ಲವೂ ಇರುತ್ತವೆ. ಅದರ ಜೊತೆ ಶನಿವಾರ ಸಂಜೆ ಟಿವಿಯೂ ಇರಬಹುದು. ಅಂಥ ಮನೆಯ ಮಗು ದತಿ ಶಾಲೆಯಲ್ಲಿ ‘ನಿಮ್ಮ ಮನೆಯಲ್ಲಿ ಹೀಗಾ?’ ಎಂಬ ಪ್ರಶ್ನೆ ಎದುರಿಸುತ್ತದೆ, ಮಮ್ಲಖ್ತಿಗೆ ಹಾಕಿದರೆ ಅಜ್ಜಿ ಕಲಿಸಿದ ಪ್ರಾರ್ಥನೆ ಮರೆಯುತ್ತದೆ. ನಮ್ಮ ತೀರ್ಮಾನ ಇಷ್ಟು: ಮನೆಯ ನಡವಳಿಕೆಗೆ ಯಾವುದು ಹತ್ತಿರವೋ ಅದನ್ನೇ ಆರಿಸಿ. ಮಗು ಮನೆಯಲ್ಲೊಂದು ಶಾಲೆಯಲ್ಲೊಂದು ಮುಖ ಇಟ್ಟುಕೊಳ್ಳಬೇಕಾದರೆ ಹೊಸ ಭಾಷೆಯ ಭಾರದ ಜೊತೆ ಅದೂ ಸೇರುತ್ತದೆ.

ಬ್ನೇ ಮೆನಶೆ ಕುಟುಂಬಗಳ ಸ್ಥಿತಿ ಬೇರೆ. 2005ರಲ್ಲಿ ಸೆಫಾರ್ದಿ ಪಂಗಡದ ಮುಖ್ಯ ರಬ್ಬಿ, ಅಂದರೆ ಧರ್ಮಗುರು, ಶ್ಲೋಮೋ ಅಮಾರ್ ಈ ಸಮುದಾಯವನ್ನು ಇಸ್ರೇಲಿನ ಕಳೆದುಹೋದ ಕುಲದ ವಂಶಜರೆಂದು ಗುರುತಿಸಿದರೂ ವಿಧಿವತ್ತಾದ ಮತಾಂತರ ಕಡ್ಡಾಯವಾಗಿಯೇ ಉಳಿಯಿತು. ಆ ಪ್ರಕ್ರಿಯೆ ನಡೆಸುವ ರಬ್ಬಿಗಳು ಮಕ್ಕಳು ಯಾವ ಶಾಲೆಯಲ್ಲಿದ್ದಾರೆ ಎಂದು ನೋಡುತ್ತಾರೆ. ಆದ್ದರಿಂದ ಅದು ಮುಗಿಯುವವರೆಗೆ ದತಿ ಶಾಲೆಯೇ ದಾರಿ.

ಇರಿಯಾದಲ್ಲಿ ನೋಂದಣಿ

ಶಾಲೆಗೆ ನೇರ ಹೋಗಿ ಅಡ್ಮಿಷನ್ ಕೇಳುವ ಪದ್ಧತಿ ಇಲ್ಲ. ನಗರಸಭೆಗೆ ‘ಇರಿಯಾ’ ಎನ್ನುತ್ತಾರೆ, ಅದರ ಶಿಕ್ಷಣ ವಿಭಾಗವೇ ಮನೆಯ ವಿಳಾಸ ನೋಡಿ ಶಾಲೆ ಹಂಚುತ್ತದೆ. ಅಂದರೆ ಮನೆ ಬಾಡಿಗೆಗೆ ಹಿಡಿಯುವಾಗಲೇ ನೀವು ಶಾಲೆಯನ್ನೂ ಹಿಡಿಯುತ್ತಿದ್ದೀರಿ. ಕರಾರಿಗೆ ಸಹಿ ಹಾಕುವ ಮುನ್ನ ‘ಈ ಬೀದಿ ಯಾವ ಶಾಲೆಯ ವ್ಯಾಪ್ತಿಗೆ ಬರುತ್ತದೆ?’ ಎಂದು ಇರಿಯಾಕ್ಕೆ ಫೋನ್ ಮಾಡಿ ಕೇಳಿ. ಅಶ್ದೋದ್, ಲೋದ್, ರಮ್ಲಾ, ದಿಮೋನಾ, ಬೆಏರ್ ಶೆವಾ ಮುಂತಾದ ಊರುಗಳಲ್ಲಿ ಭಾರತೀಯ ಮೂಲದ ಕುಟುಂಬಗಳು ಹಳೆಯ ಕಾಲದಿಂದ ಇವೆ, ಯಾವ ಶಾಲೆ ಹೊಸಬರನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ ಎಂದು ಅಲ್ಲಿನ ಸಿನಗಾಗ್‌ನಲ್ಲಿ ಹೇಳುವವರು ಸಿಗುತ್ತಾರೆ.

ಸ್ಥಳೀಯರಿಗೆ ಶಿಶುವಿಹಾರ ಮತ್ತು ಒಂದನೇ ತರಗತಿಯ ನೋಂದಣಿ ಚಳಿಗಾಲದಲ್ಲಿ, ಜನವರಿಯ ಹೊತ್ತಿಗೆ, ಕೆಲವೇ ವಾರ ನಡೆಯುತ್ತದೆ. ಹೊಸ ವಲಸಿಗರಿಗೆ ಆ ಗಡುವು ಅಡ್ಡಿಯಲ್ಲ, ವರ್ಷದ ಯಾವ ದಿನ ಬೇಕಾದರೂ ಸೇರಿಸಬಹುದು. ಆದರೆ ಎರಡನೇ ಮಗುವಿಗೆ ಮುಂದಿನ ವರ್ಷ ಆ ಗಡುವು ಅನ್ವಯಿಸುತ್ತದೆ, ಮರೆಯಬೇಡಿ. ಆನ್‌ಲೈನ್ ಅರ್ಜಿ ಹೊಸಬರಿಗೆ ಬಹಳ ಸಲ ಕೈಕೊಡುತ್ತದೆ, ಗುರುತಿನ ಸಂಖ್ಯೆ ಎಲ್ಲ ಕಂಪ್ಯೂಟರುಗಳಿಗೂ ಇನ್ನೂ ತಲುಪಿರುವುದಿಲ್ಲ. ಖುದ್ದಾಗಿ ಹೋಗಿ. ಒಯ್ಯಬೇಕಾದವು: ಇಬ್ಬರ ‘ತೆಉದತ್ ಜೆಹುತ್’ ಗುರುತಿನ ಚೀಟಿ, ಅದರ ಜೊತೆ ಕೊಡುವ, ಮಕ್ಕಳ ಹೆಸರಿರುವ ಅನುಬಂಧ, ವಲಸಿಗರ ಪುಸ್ತಕ ‘ತೆಉದತ್ ಓಲೆ’, ಬಾಡಿಗೆ ಕರಾರು ಅಥವಾ ಮನೆ ತೆರಿಗೆ ‘ಅರ್ನೋನಾ’ ಬಿಲ್ಲು, ಮಗುವಿನ ಫೈಲು. ಪ್ರತಿಯೊಂದರ ಎರಡು ಜೆರಾಕ್ಸ್ ಇರಲಿ. ಮೂಲ ಪ್ರತಿ ಯಾರ ಕೈಗೂ ಬಿಟ್ಟು ಬರಬೇಡಿ.

ಕೇಳಿದ ಶಾಲೆ ಸಿಗದಿದ್ದರೆ ಲಿಖಿತ ಮೇಲ್ಮನವಿ ಕೊಡಬಹುದು. ‘ಆ ಶಾಲೆಯಲ್ಲಿ ವಲಸಿಗ ಮಕ್ಕಳಿಗೆ ಹೀಬ್ರೂ ಟೀಚರ್ ಇದ್ದಾರೆ, ಇಲ್ಲಿಲ್ಲ’ ಎಂಬುದು ಗಟ್ಟಿ ಕಾರಣ. ‘ಆ ಶಾಲೆ ಚೆನ್ನಾಗಿದೆಯಂತೆ’ ಎಂದರೆ ಯಾರೂ ಕಿವಿಗೊಡುವುದಿಲ್ಲ.

ಶಾಲೆಯಲ್ಲಿ ಮೊದಲ ಭೇಟಿ

ನಾಲ್ಕು ಜನರ ಹೆಸರು ಬರೆದುಕೊಂಡು ಬನ್ನಿ. ಕ್ಲಾಸ್ ಟೀಚರ್ ‘ಮೆಖನೆಖೆತ್’, ಮಗುವಿನ ದಿನನಿತ್ಯದ ವಿಷಯವೆಲ್ಲ ಇವರಿಗೆ. ಸಲಹೆಗಾರ್ತಿ ‘ಯೊಎತ್ಸೆತ್’, ಹೊಂದಾಣಿಕೆಯ ಕಷ್ಟಗಳಿಗೆ. ಕಾರ್ಯದರ್ಶಿ ‘ಮಜ್ಕಿರಾ’, ಕಾಗದಪತ್ರಕ್ಕೆ. ನಿಜ ಹೇಳಬೇಕೆಂದರೆ ಶಾಲೆ ನಡೆಯುವುದೇ ಇವರಿಂದ. ನಾಲ್ಕನೆಯವರು ವಲಸಿಗ ಮಕ್ಕಳ ಹೊಣೆ ಹೊತ್ತವರು. ಶಾಲೆಯಲ್ಲಿ ಅಂಥವರಿಲ್ಲದಿದ್ದರೆ ಇರಿಯಾದಲ್ಲಿ ಇರುತ್ತಾರೆ, ಕೇಳಿ ಪಡೆಯಿರಿ. ಮಕ್ಕಳು ಟೀಚರನ್ನು ಹೆಸರು ಹಿಡಿದೇ ಕರೆಯುತ್ತಾರೆ. ಎದ್ದು ನಿಂತು ‘ಗುಡ್ ಮಾರ್ನಿಂಗ್ ಮಿಸ್’ ಎಂದು ಬೆಳೆದ ಮಗುವಿಗೆ ಇದು ವಿಚಿತ್ರ, ಮನೆಯಲ್ಲೇ ಮೊದಲೇ ಹೇಳಿಡಿ.

ಆ ಭೇಟಿಯಲ್ಲಿ ಕೇಳಲೇಬೇಕಾದ್ದು ‘ವಾರಕ್ಕೆ ಎಷ್ಟು ಹೀಬ್ರೂ ಅವಧಿ, ಯಾವ ದಿನ, ಯಾರು, ಯಾವಾಗಿನಿಂದ?’ ವಲಸಿಗ ಮಕ್ಕಳಿಗೆ ಶಿಕ್ಷಣ ಸಚಿವಾಲಯ ಹೆಚ್ಚುವರಿ ಹೀಬ್ರೂ ಅವಧಿ ಕೊಡುತ್ತದೆ. ಅದಕ್ಕೆ ಶಾಲೆ ಮಗುವನ್ನು ವಲಸಿಗ ಎಂದು ದಾಖಲಿಸಿ ಬೇಡಿಕೆ ಸಲ್ಲಿಸಬೇಕು. ಇಲ್ಲೇ ಬಹಳ ಮಕ್ಕಳಿಗೆ ಅನ್ಯಾಯವಾಗುವುದು. ತೆಉದತ್ ಓಲೆಯ ಪ್ರತಿ ಮಜ್ಕಿರಾಳ ಮೇಜಿನ ಮೇಲೇ ಉಳಿಯುತ್ತದೆ, ಬೇಡಿಕೆ ಹೋಗುವುದಿಲ್ಲ, ತಿಂಗಳುಗಳು ಉರುಳುತ್ತವೆ. ಈ ಹಕ್ಕು ವಲಸೆ ಬಂದ ದಿನದಿಂದ ಲೆಕ್ಕವಾಗುತ್ತದೆ, ಕಳೆದ ಅವಧಿ ವಾಪಸು ಸಿಗುವುದಿಲ್ಲ. ಎರಡು ವಾರಕ್ಕೊಮ್ಮೆ ವಿನಯದಿಂದ, ಆದರೆ ತಪ್ಪದೆ ಕೇಳಿ. ಉತ್ತರವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಶಾಲೆಯನ್ನು ನಡುವರ್ಷ ಬದಲಿಸಿದರೆ ಹೊಸ ಶಾಲೆಯಲ್ಲಿ ಎಲ್ಲ ಮತ್ತೆ ಮೊದಲಿನಿಂದ.

ಹೀಬ್ರೂ ಅವಧಿಗೆ ಮಗುವನ್ನು ಯಾವ ಪಾಠದಿಂದ ಹೊರಗೆ ಕರೆಯುತ್ತಾರೆ ಎಂದೂ ನೋಡಿ. ಗಣಿತದಿಂದಲೂ ಆಟದ ಪೀರಿಯಡ್‌ನಿಂದಲೂ ಕರೆಯಬಾರದು. ಭಾಷೆಯಿಲ್ಲದೆಯೂ ಮಗು ಗೆಲ್ಲಬಹುದಾದ ಜಾಗಗಳು ಅವೆರಡೇ. ತನಖ್, ಸಾಹಿತ್ಯ, ಏಳನೇ ತರಗತಿಯಿಂದ ಅರಬ್ಬಿ ಪಾಠ, ಇವುಗಳಿಂದ ಕರೆಯಲಿ.

ತರಗತಿ ಇಳಿಸುವ ಮಾತು ಬಂದರೆ: ಪ್ರಾಥಮಿಕದಲ್ಲಿ ಬೇಡ, ಓರಗೆಯವರ ಜೊತೆಯೇ ಇರಲಿ. ಭಾಷೆಯನ್ನು ಮಗು ಟೀಚರಿಗಿಂತ ಆಟದ ಜೊತೆಗಾರರಿಂದ ಹೆಚ್ಚು ಕಲಿಯುತ್ತದೆ. ಒಂಬತ್ತು, ಹತ್ತನೇ ತರಗತಿಯ ವಯಸ್ಸಾದರೆ ಇಳಿಸುವುದು ಯೋಚಿಸತಕ್ಕದ್ದು, ಅದರ ಕಾರಣ ಬಗ್ರುತ್ ಭಾಗದಲ್ಲಿದೆ.

ಭಾಷೆ ಎಲ್ಲಿ ಕಾಲು ತೊಡರಿಸುತ್ತದೆ

ಹೀಬ್ರೂಗೆ 22 ಅಕ್ಷರ, ಅವುಗಳಲ್ಲಿ ಐದಕ್ಕೆ ಪದದ ಕೊನೆಯಲ್ಲಿ ಬೇರೆ ಆಕಾರ. ಬಲದಿಂದ ಎಡಕ್ಕೆ ಬರೆಯುತ್ತಾರೆ. ಇದಿಷ್ಟು ಎರಡು ವಾರದಲ್ಲಿ ಬರುತ್ತದೆ. ಕಷ್ಟ ಇರುವುದು ಸ್ವರದಲ್ಲಿ. ಒಂದು, ಎರಡನೇ ತರಗತಿಯ ಪುಸ್ತಕಗಳಲ್ಲಿ ಸ್ವರ ಸೂಚಿಸುವ ಚುಕ್ಕಿ–ಗೆರೆಗಳಿರುತ್ತವೆ, ಆಮೇಲೆ ಮಾಯವಾಗುತ್ತವೆ. ಕನ್ನಡದಲ್ಲಿ ಕಾಗುಣಿತವನ್ನೇ ತೆಗೆದು ಬರೀ ‘ಮ ಲ’ ಎಂದು ಬರೆದು, ಅದು ಮಾಲೆಯೋ ಮೊಲವೋ ಮೂಲವೋ ಮೇಲೆಯೋ ಎಂದು ವಾಕ್ಯ ನೋಡಿ ಊಹಿಸಿಕೊಳ್ಳಿ ಎಂದರೆ ಹೇಗೋ ಹಾಗೆ. ಸಾಮೆಖ್–ಪೇ–ರೇಶ್ ಮೂರಕ್ಷರ ಬರೆದರೆ ‘ಸೆಫೆರ್’ ಎಂದು ಓದಿ ಪುಸ್ತಕ ಎನ್ನಬಹುದು, ‘ಸಪಾರ್’ ಎಂದು ಓದಿ ಕ್ಷೌರಿಕ ಎನ್ನಬಹುದು, ‘ಸಫರ್’ ಎಂದರೆ ‘ಎಣಿಸಿದನು’. ಪದ ಗೊತ್ತಿದ್ದವರಿಗೆ ಮಾತ್ರ ಓದು. ಹೀಗಾಗಿ ನಾಲ್ಕನೇ ತರಗತಿಗೆ ಬಂದ ಮಗು ಎರಡನೇ ತರಗತಿಯ, ಚುಕ್ಕಿಗಳಿರುವ ಪುಸ್ತಕ ಓದಿದರೆ ಅವಮಾನವೆಂದು ತಿಳಿಯಬೇಡಿ. ಕ್ರಮ ಅದೇ.

ಆ್ಯಪ್ ನೋಡಿ ಕಲಿತು ಬಂದ ಮಕ್ಕಳು ಇನ್ನೊಂದು ಕಡೆ ಎಡವುತ್ತಾರೆ. ಪುಸ್ತಕದಲ್ಲಿ ಅಚ್ಚಕ್ಷರ, ಬೋರ್ಡಿನ ಮೇಲೆ ಕೈಬರಹದ ಅಕ್ಷರ, ಎರಡರ ಆಕಾರವೂ ಬೇರೆ. ಅಚ್ಚಿನ ಆಲೆಫ್ ಓರೆಗೆರೆಗೆ ಎರಡು ಕೈ ಅಂಟಿದಂತೆ, ಕೈಬರಹದ ಆಲೆಫ್ ನೆಟ್ಟಗೆರೆಯ ಪಕ್ಕ ಒಂದು ಕಮಾನು ನಿಲ್ಲಿಸಿದಂತೆ. ಅಚ್ಚು ಮಾತ್ರ ಗೊತ್ತಿರುವ ಮಗು ಬೋರ್ಡು ನೋಡಿ ಏನೂ ಬರೆದುಕೊಳ್ಳದೆ ಕೂರುತ್ತದೆ, ಟೀಚರ್ ಅದನ್ನು ಗಮನವಿಲ್ಲ ಎಂದು ಬರೆಯುತ್ತಾರೆ. ಹೊರಡುವ ಮುನ್ನ ಇಲ್ಲಿಂದಲೇ ಎರಡೂ ಬರಹ ಅಭ್ಯಾಸ ಮಾಡಿಸಿ, ದಿನಕ್ಕೆ ಮೂರಕ್ಷರದಂತೆ.

ಗಣಿತದಲ್ಲಿ ನಮ್ಮ ಮಕ್ಕಳು ಮಗ್ಗಿಯಲ್ಲಿ ಚುರುಕು. ಆದರೆ ಚಿಹ್ನೆಗಳು ಬೇರೆ. ಪ್ರಾಥಮಿಕ ಪುಸ್ತಕಗಳಲ್ಲಿ ಕೂಡುವ ಚಿಹ್ನೆ ಶಿಲುಬೆಯಂತೆ ಕಾಣಬಾರದೆಂದು ಅದರ ಕೆಳಗಿನ ಕಾಲನ್ನು ತೆಗೆದು, ತಲೆಕೆಳಗಾದ ಇಂಗ್ಲಿಷ್ ಟಿ ಅಕ್ಷರದಂತೆ ಬರೆಯುವುದುಂಟು. ಭಾಗಾಕಾರಕ್ಕೆ ಎರಡು ಚುಕ್ಕಿ, 12:3=4. ನಮ್ಮ ಮಗು ಅದನ್ನು ಅನುಪಾತವೆಂದು ಓದುತ್ತದೆ. ಪದಗಳು ಬಲದಿಂದ ಎಡಕ್ಕೆ ಹರಿದರೂ ಲೆಕ್ಕ ಎಡದಿಂದ ಬಲಕ್ಕೇ. ಮಾತಿನ ಲೆಕ್ಕದಲ್ಲಿ ಸೋತು ಅಂಕಿಯ ಲೆಕ್ಕದಲ್ಲಿ ಗೆದ್ದರೆ ಸಮಸ್ಯೆ ಗಣಿತದ್ದಲ್ಲ ಎಂದು ಟೀಚರಿಗೆ ಉತ್ತರಪತ್ರಿಕೆ ಹಿಡಿದು ತೋರಿಸಿ.

ಇಂಗ್ಲಿಷಿನಲ್ಲಿ ಚೆನ್ನಾಗಿರುವ ಮಕ್ಕಳಿಗೆ ಹಲವು ಶಾಲೆಗಳಲ್ಲಿ ಇಂಗ್ಲಿಷ್ ಮಾತಾಡುವವರದ್ದೇ ಗುಂಪು ಇರುತ್ತದೆ, ಅದಕ್ಕೆ ಸೇರಿಸಲು ಕೇಳಿ. ವಾರಕ್ಕೆರಡು ಸಲವಾದರೂ ತಾನು ಜಾಣ ಎನ್ನಿಸುವ ಜಾಗ ಮಗುವಿಗೆ ಬೇಕು.

ಮನೆಮಾತನ್ನು ಮಾತ್ರ ಬಿಡಬೇಡಿ. ಮನೆಯಲ್ಲೂ ಹೀಬ್ರೂನೇ ಆಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ನಿಮ್ಮ ಮುರುಕು ಹೀಬ್ರೂನಿಂದ ಮಗು ಕಲಿಯುವುದು ಮುರುಕು ಹೀಬ್ರೂ. ಕನ್ನಡವೋ ಮರಾಠಿಯೋ ಮಿಜೋವೋ, ಅದರಲ್ಲಿ ಕಥೆ ಹೇಳಿ, ಜಗಳವಾಡಿ, ಲೆಕ್ಕ ಮಾಡಿಸಿ. ಇಸ್ರೇಲಿನಲ್ಲಿ ಬೆನೆ ಇಸ್ರೇಲರು ‘ಮಾಯಬೋಲಿ’ ಎಂಬ ಮರಾಠಿ ಪತ್ರಿಕೆಯನ್ನು ನಡೆಸಿಕೊಂಡು ಬಂದಿದ್ದಾರೆ. ನೀವು ಐದು ತಿಂಗಳ ಉಚಿತ ಉಲ್ಪಾನ್ ತರಗತಿಗೆ ಹೋಗಿ ಹೀಬ್ರೂ ಕಲಿಯುವುದು ಬೇರೆ ವಿಷಯ, ಅದನ್ನು ತಪ್ಪಿಸಬೇಡಿ. ಪೋಷಕರ ಸಭೆಗೆ ಮಗುವನ್ನೇ ಅನುವಾದಕನನ್ನಾಗಿ ಕೂರಿಸಿಕೊಳ್ಳುವ ಸ್ಥಿತಿ ಬರಬಾರದು.

ಊಟ, ಹಣ, ವಾಟ್ಸಾಪ್

ಬೆಳಿಗ್ಗೆ 8ಕ್ಕೆ ಶಾಲೆ, ಚಿಕ್ಕ ತರಗತಿಗಳು ಮಧ್ಯಾಹ್ನ 1–2ರೊಳಗೆ ಮನೆಗೆ. ಇಬ್ಬರೂ ಕೆಲಸಕ್ಕೆ ಹೋಗುವವರು ‘ತ್ಸಹರೋನ್’ ಎಂಬ ಮಧ್ಯಾಹ್ನದ ಆರೈಕೆಗೆ ಬೇರೆಯಾಗಿ ಹೆಸರು ಬರೆಸಬೇಕು. ನಡುವೆ 10 ಗಂಟೆಗೆ ‘ಅರುಖತ್ ಎಸೆರ್’, ಮನೆಯಿಂದ ಒಯ್ಯುವ ತಿಂಡಿ. ಎಲ್ಲರೂ ಕೈಯಲ್ಲಿ ಹಿಡಿದು ತಿನ್ನುವ ಸ್ಯಾಂಡ್‌ವಿಚ್, ಸೌತೆಕಾಯಿ, ಸೇಬು ತರುತ್ತಾರೆ. ಚಿತ್ರಾನ್ನದ ಡಬ್ಬಿಗೆ ಬೇಕಾದಷ್ಟು ಸಮಯ ಇರುವುದಿಲ್ಲ. ಚಪಾತಿ ಸುರುಳಿ ಚೆನ್ನಾಗಿ ಹೊಂದುತ್ತದೆ. ಕಡಲೆಕಾಯಿ ಅಲರ್ಜಿಯ ಮಗು ತರಗತಿಯಲ್ಲಿದ್ದರೆ ಅದನ್ನು ತರಬಾರದೆಂದು ತಿಳಿಸುತ್ತಾರೆ, ನಮ್ಮ ಚಟ್ನಿಪುಡಿಯೂ ಆ ಲೆಕ್ಕಕ್ಕೆ ಬರುತ್ತದೆ.

ಯೂನಿಫಾರ್ಮ್ ಎಂದರೆ ಶಾಲೆಯ ಚಿಹ್ನೆ ಅಚ್ಚಾದ ಟೀ–ಶರ್ಟು, ಅಷ್ಟೆ. ಹಣದ ವಿಷಯದಲ್ಲಿ ಒಂದು ತಿಳಿದಿರಲಿ: ವರ್ಷಾರಂಭದ ಪಟ್ಟಿಯಲ್ಲಿ ಅಪಘಾತ ವಿಮೆಯ 49 ಶೆಕೆಲ್‌ನಷ್ಟು ಮೊತ್ತ ಮಾತ್ರ ಕಡ್ಡಾಯ. ಪ್ರವಾಸ, ಹೆಚ್ಚುವರಿ ಪಾಠ, ತರಗತಿಯ ಪಾರ್ಟಿ ಎಲ್ಲವೂ ಐಚ್ಛಿಕ. ಕಟ್ಟಲಾಗದಿದ್ದರೆ ರಿಯಾಯಿತಿಗೆ ಅರ್ಜಿ ಕೊಡಿ. ಹಣ ಕಟ್ಟಿಲ್ಲವೆಂದು ರಿಪೋರ್ಟ್ ಕಾರ್ಡ್ ತಡೆಹಿಡಿಯುವಂತಿಲ್ಲ. ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಯೋಜನೆ ಶಾಲೆಯಲ್ಲಿದ್ದರೆ ಸೇರಿಕೊಳ್ಳಿ, ಹೊಸ ಪುಸ್ತಕ ದುಬಾರಿ.

ತರಗತಿಯ ವಾಟ್ಸಾಪ್ ಗುಂಪಿಗೆ ಮೊದಲ ದಿನವೇ ಸೇರಿ. ನಾಳೆ ಬಿಳಿ ಅಂಗಿ, ನಾಡಿದ್ದು ಟೋಪಿ ಮತ್ತು 3 ಲೀಟರ್ ನೀರು ಎಂಬಂಥ ಸೂಚನೆಗಳು ಬರುವುದು ಅಲ್ಲೇ. ಎಲ್ಲ ಮಕ್ಕಳು ಬಿಳಿ ಅಂಗಿಯಲ್ಲಿ ನಿಂತಾಗ ಒಂದು ಮಗು ಕೆಂಪು ಅಂಗಿಯಲ್ಲಿ ನಿಲ್ಲುವುದು ಸಣ್ಣ ವಿಷಯವಲ್ಲ. ಅಂಕ, ಹಾಜರಿ ನೋಡಲು ‘ಮಶೋವ್’ ಅಥವಾ ಅಂಥದ್ದೇ ಬೇರೆ ಆ್ಯಪ್ ಇರುತ್ತದೆ, ಪಾಸ್‌ವರ್ಡ್ ಮಜ್ಕಿರಾಳಿಂದ ಪಡೆಯಿರಿ.

ಮೊದಲ ದಿನಕ್ಕೆ ಮುನ್ನ ಮಗುವಿಗೆ ಮೂರು ಪದ ಕಲಿಸಿ: ‘ಅಝಾಕಾ’ ಅಂದರೆ ದಾಳಿಯ ಎಚ್ಚರಿಕೆ ಕೊಡುವ ಸೈರನ್, ‘ಮಮಾದ್’ ಅಂದರೆ ಸುರಕ್ಷಿತ ಕೋಣೆ, ‘ಮಿಕ್ಲಾತ್’ ಅಂದರೆ ಬಂಕರು. ಶಾಲೆಗಳಲ್ಲಿ ಅಣಕು ತಾಲೀಮು ನಡೆಯುತ್ತದೆ. ಅದು ತಾಲೀಮು ಎಂದು ಗೊತ್ತಿಲ್ಲದ ಮಗು ಹೆದರಿ ನಡುಗುತ್ತದೆ.

ಕಲಿಕೆಯಲ್ಲಿ ನಿಜವಾದ ತೊಂದರೆ ಇದ್ದಾಗ

ಡಿಸ್ಲೆಕ್ಸಿಯಾ, ಶ್ರವಣದೋಷ, ಆಟಿಸಂ ಮುಂತಾದವು ಇದ್ದರೆ ಇಲ್ಲಿನ ತಜ್ಞರ ವರದಿಗಳನ್ನು ಇಂಗ್ಲಿಷಿನಲ್ಲಿ ಒಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಯ ವರದಿ ಇದ್ದರೆ ಅದಕ್ಕೆ ತೂಕವಿದೆ. ಅಲ್ಲಿ ವಿಶೇಷ ಶಿಕ್ಷಣಕ್ಕೆ ಅರ್ಹತಾ ಸಮಿತಿ ಸೇರಿ ನಿರ್ಧರಿಸುತ್ತದೆ. ಮುಂದಿನ ವರ್ಷದ ಸಮಿತಿಗಳು ಬೇಸಿಗೆ ರಜೆಗೆ ಮೊದಲೇ ಮುಗಿಯುವುದರಿಂದ ಬೇಗ ಅರ್ಜಿ ಹಾಕಿ. 2018ರ ತಿದ್ದುಪಡಿಯ ನಂತರ ಸಾಮಾನ್ಯ ತರಗತಿಯೋ ವಿಶೇಷ ತರಗತಿಯೋ ವಿಶೇಷ ಶಾಲೆಯೋ ಎಂಬ ಆಯ್ಕೆ ಬಹುಮಟ್ಟಿಗೆ ಪೋಷಕರದ್ದೇ.

ಇದಕ್ಕಿಂತ ಹೆಚ್ಚು ನಡೆಯುವುದು ಇದರ ಉಲ್ಟಾ. ಬಂದು ನಾಲ್ಕು ತಿಂಗಳಾದ ಮಗುವಿಗೆ ಹೀಬ್ರೂನಲ್ಲಿ ಪರೀಕ್ಷೆ ಮಾಡಿ ಕಲಿಕಾ ನ್ಯೂನತೆ ಎನ್ನುವುದು. ನಿಮ್ಮ ಉತ್ತರ ಹೀಗಿರಲಿ: ಮಗು ಬಲ್ಲ ಭಾಷೆಯಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ ಪರೀಕ್ಷಿಸಿ, ಅಲ್ಲಿಯವರೆಗೆ ಸಹಿ ಹಾಕುವುದಿಲ್ಲ. ಟೀಚರ್ ಬರೆದುಕೊಟ್ಟ ಆ ಹತ್ತು ಸಾಲಿನ ಪತ್ರ ಈಗ ಹೊರಗೆ ಬರಲಿ.

ಬಗ್ರುತ್

ಹತ್ತರಿಂದ ಹನ್ನೆರಡನೇ ತರಗತಿಯವರೆಗೆ ಹಂಚಿಕೊಂಡು ಬರೆಯುವ ಪರೀಕ್ಷೆಗಳ ಸರಣಿಗೆ ಬಗ್ರುತ್ ಎಂದು ಹೆಸರು. ನಮ್ಮ ಎಸ್ಸೆಸ್ಸೆಲ್ಸಿಯಂತೆ ಒಂದೇ ಸಲ ಮುಗಿಯುವುದಿಲ್ಲ. ಪ್ರತಿ ವಿಷಯಕ್ಕೆ ‘ಯೂನಿಟ್’ ಇರುತ್ತದೆ, ಪ್ರಮಾಣಪತ್ರಕ್ಕೆ ಕನಿಷ್ಠ 21 ಯೂನಿಟ್. ಹೀಬ್ರೂ, ಸಾಹಿತ್ಯ, ತನಖ್, ಇತಿಹಾಸ, ಪೌರನೀತಿ, ಗಣಿತ, ಇಂಗ್ಲಿಷ್ ಕಡ್ಡಾಯ; ಒಂದು ವಿಷಯವಾದರೂ 5 ಯೂನಿಟ್ ಮಟ್ಟದಲ್ಲಿ. ಗಣಿತವನ್ನೂ ಇಂಗ್ಲಿಷನ್ನೂ 3, 4 ಅಥವಾ 5 ಯೂನಿಟ್‌ನಲ್ಲಿ ತೆಗೆದುಕೊಳ್ಳಬಹುದು. 5 ಯೂನಿಟ್ ಗಣಿತಕ್ಕೆ ವಿಶ್ವವಿದ್ಯಾಲಯಗಳು ಬೋನಸ್ ಅಂಕ ಕೊಡುತ್ತವೆ, ಎಂಜಿನಿಯರಿಂಗ್ ಬೇಕಾದವರಿಗೆ ಅದು ಬಾಗಿಲು.

ಹತ್ತನೇ ತರಗತಿಯ ಆರಂಭದಲ್ಲಿ ಗಣಿತ ಗುಂಪು ಹಂಚುವಾಗ ಹೀಬ್ರೂ ಬಾರದ ಮಕ್ಕಳನ್ನು 3 ಯೂನಿಟ್ ಗುಂಪಿಗೆ ಕಳಿಸಿಬಿಡುವುದುಂಟು. ಒಪ್ಪಬೇಡಿ. ಕೆಳಗಿನಿಂದ ಮೇಲಕ್ಕೆ ಹತ್ತುವುದು ಬಹಳ ಕಷ್ಟ, ಮೇಲಿನಿಂದ ಇಳಿಯುವುದು ಯಾವಾಗ ಬೇಕಾದರೂ ಸಾಧ್ಯ. ಅಂಕಿಗಳೇ ಇರುವ ಪ್ರಶ್ನೆಪತ್ರಿಕೆ ಕೊಟ್ಟು ಪರೀಕ್ಷಿಸಿ ಎಂದು ಕೇಳಿ.

ವಲಸಿಗ ವಿದ್ಯಾರ್ಥಿಗಳಿಗೆ ರಿಯಾಯಿತಿಗಳಿವೆ: ಹೆಚ್ಚುವರಿ ಸಮಯ, ನಿಘಂಟು, ವಲಸಿಗರಿಗೆಂದೇ ಮಾಡಿದ ಹೀಬ್ರೂ ಪ್ರಶ್ನೆಪತ್ರಿಕೆ. ಎಷ್ಟು ಸಿಗುತ್ತದೆ ಎಂಬುದು ಯಾವ ತರಗತಿಯಲ್ಲಿದ್ದಾಗ ಬಂದರು ಎನ್ನುವುದನ್ನು ಅವಲಂಬಿಸಿದೆ. ಶಾಲೆಯ ಬಗ್ರುತ್ ಸಂಯೋಜಕರಿಂದ ಹತ್ತನೇ ತರಗತಿಯ ಮೊದಲ ತಿಂಗಳಲ್ಲೇ ಪಟ್ಟಿ ಬರೆಸಿಕೊಳ್ಳಿ, ಪರೀಕ್ಷೆಯ ಹಿಂದಿನ ವಾರ ಕೇಳಿದರೆ ಆಗುವುದಿಲ್ಲ. ಹನ್ನೊಂದನೇ ತರಗತಿಯ ವಯಸ್ಸಿನಲ್ಲಿ ಬಂದವರಿಗೆ ಎರಡೇ ವರ್ಷ ಉಳಿಯುತ್ತದೆ. ಅಂಥವರು ಹತ್ತಕ್ಕೆ ಸೇರಿ ಮೂರು ವರ್ಷ ತೆಗೆದುಕೊಳ್ಳುವುದು ನಷ್ಟವಲ್ಲ. ಪಿಯುಸಿ ಮುಗಿಸಿಯೇ ಬರುವವರು ವಿಶ್ವವಿದ್ಯಾಲಯದ ವಲಸಿಗರ ಪೂರ್ವಸಿದ್ಧತಾ ವರ್ಷ ‘ಮೆಖಿನಾ’ಕ್ಕೆ ಹೋಗಬಹುದು. ನಮ್ಮ ಅಭಿಪ್ರಾಯದಲ್ಲಿ ಎರಡನೇ ಪಿಯುಸಿಗೆ ಒಂದೇ ವರ್ಷ ಉಳಿದಿದ್ದರೆ ಅದನ್ನು ಮುಗಿಸಿ ಹೊರಡುವುದೇ ಲೇಸು. ಸೈನ್ಯದ ಮೊದಲ ಕರೆಪತ್ರವೂ ಇದೇ ವಯಸ್ಸಿನಲ್ಲಿ ಬರುತ್ತದೆ, ನೋಡದೆ ಬಿಸಾಡಬೇಡಿ.

‘ನೀನು ನಿಜವಾಗಿ ಯೆಹೂದಿಯಾ?’

ಮೈಬಣ್ಣ ನೋಡಿ, ಹೆಸರು ಕೇಳಿ ಈ ಪ್ರಶ್ನೆಯನ್ನು ಮಕ್ಕಳು ಮಕ್ಕಳನ್ನು ಕೇಳುತ್ತಾರೆ. ದೊಡ್ಡವರೂ ಕೇಳಿದ್ದಾರೆ. ಬೆನೆ ಇಸ್ರೇಲರ ಮದುವೆಗಳನ್ನು ರಬ್ಬಿಗಳು ಪ್ರಶ್ನಿಸಿದಾಗ ನಡೆದ ಪ್ರತಿಭಟನೆಯ ನಂತರ, 1964ರಲ್ಲಿ, ಅವರು ಎಲ್ಲ ರೀತಿಯಲ್ಲೂ ಯೆಹೂದಿಗಳೇ ಎಂದು ಇಸ್ರೇಲ್ ಸರ್ಕಾರ ಸಾರಿತು. ನಿಮ್ಮ ಮಗುವಿಗೆ ಒಂದೇ ವಾಕ್ಯದ ಉತ್ತರ ಹೀಬ್ರೂನಲ್ಲಿ ಬಾಯಿಪಾಠ ಮಾಡಿಸಿ: ‘ನಮ್ಮವರು ಭಾರತದಲ್ಲಿ ನೂರಾರು ವರ್ಷ ಶಬ್ಬಾತ್ ಇಟ್ಟುಕೊಂಡು ಬಂದ ಯೆಹೂದಿಗಳು.’ ಪ್ರಶ್ನೆ ಕಿರುಕುಳವಾಗಿ ಮುಂದುವರಿದರೆ ಮೆಖನೆಖೆತ್‌ಗೆ ಅದೇ ದಿನ ಬರಹದಲ್ಲಿ ತಿಳಿಸಿ, ವಾರದಲ್ಲಿ ನಿಲ್ಲದಿದ್ದರೆ ಯೊಎತ್ಸೆತ್, ಆಮೇಲೆ ಪ್ರಿನ್ಸಿಪಾಲ್, ಕೊನೆಗೆ ಶಿಕ್ಷಣ ಸಚಿವಾಲಯದ ಇನ್‌ಸ್ಪೆಕ್ಟರ್.

ಹೆಶ್ವಾನ್ ತಿಂಗಳ 7ನೇ ದಿನ, ಅಕ್ಟೋಬರ್–ನವೆಂಬರ್ ಹೊತ್ತಿಗೆ, ಶಾಲೆಗಳಲ್ಲಿ ‘ಯೋಮ್ ಹಾ–ಅಲಿಯಾ’, ವಲಸೆ ದಿನ ಆಚರಿಸುತ್ತಾರೆ. ಎರಡು ವಾರ ಮುಂಚೆ ಮೆಖನೆಖೆತ್ ಬಳಿ ಮಾತಾಡಿ ಮಗುವಿಗೆ ಹತ್ತು ನಿಮಿಷ ಕೇಳಿ. ಬೆನೆ ಇಸ್ರೇಲ್ ಮನೆಯಾದರೆ ಮಲೀದಾ ಒಯ್ಯಬಹುದು: ನೆನೆಸಿದ ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಏಲಕ್ಕಿ, ಮೇಲೆ ಹಣ್ಣುಗಳು, ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಇಡುವ ನೈವೇದ್ಯ. ಎಲಿಯಾಹುವನ್ನು ಆ ತರಗತಿಯ ಪ್ರತಿ ಮಗುವೂ ಬಲ್ಲುದು, ಅವಲಕ್ಕಿಯನ್ನು ಯಾರೂ ಅರಿಯರು. ಹೊರಗಿನ ತಿಂಡಿ ತರಲು ಕೋಷರ್ ನಿಯಮವಿದ್ದರೆ ಹಣ್ಣು, ತೆಂಗಿನಕಾಯಿ ಮಾತ್ರ ಒಯ್ದು ಅಲ್ಲೇ ಕಲಸಿ.

ನಾಲ್ಕನೇ ತರಗತಿ ಮೇಲ್ಪಟ್ಟ ಮಕ್ಕಳನ್ನು ಯುವ ಸಂಘಟನೆಗೆ ಸೇರಿಸಿ. ದತಿ ಕುಟುಂಬಗಳಿಗೆ ‘ಬ್ನೇ ಅಕಿವಾ’, ಉಳಿದವರಿಗೆ ಸ್ಕೌಟ್ಸ್, ಅಂದರೆ ‘ತ್ಸೊಫಿಮ್’. ಅಂಕ ಇಲ್ಲ, ಟೀಚರ್ ಇಲ್ಲ, ನಡೆಸುವವರೂ ಹದಿಹರೆಯದವರೇ. ಮಗು ಮೊದಲ ಹೀಬ್ರೂ ಹಾಡು ಕಲಿಯುವುದು ಬಹುಪಾಲು ಅಲ್ಲೇ.

ಜೂನ್‌ನಲ್ಲಿ ವರ್ಷದ ಕೊನೆಯ ರಿಪೋರ್ಟ್ ಕಾರ್ಡ್ ಬಂದಾಗ ಕೆಲವು ವಿಷಯಗಳ ಎದುರು ಅಂಕದ ಬದಲು ‘ಹೊಸ ವಲಸಿಗ’ ಎಂದೋ ಒಂದು ಸಾಲಿನ ಟಿಪ್ಪಣಿಯೋ ಇರಬಹುದು, ಅದು ಸೋಲಲ್ಲ. ಅಂದೇ ಮಜ್ಕಿರಾಳ ಬಳಿ ಹೋಗಿ ಮುಂದಿನ ವರ್ಷದ ಹೀಬ್ರೂ ಅವಧಿಗೆ ಮಗುವಿನ ಹೆಸರು ಹೋಗಿದೆಯೇ ಎಂದು ಕೇಳಿ, ಕಾರ್ಡಿನ ಎರಡು ಪ್ರತಿ ಮಾಡಿಸಿ, ಭಾರತದಿಂದ ತಂದ ಅದೇ ಫೈಲಿಗೆ ಸೇರಿಸಿ.